ಅಂಗಳದಲ್ಲಿ ಟ್ರೈಲರನ್ನು ಸಣ್ಣ ಯಂತ್ರದಿಂದ ಜರುಗಿಸುವ ಕ್ರಮ

(ಕೃಷಿ ಇನ್ಸ್‌ಪೆಕ್ಟರೊಬ್ಬರು, ಎಲ್.ಎಜಿ., ಬರೆದುದು)

ಪೀಠಿಕೆ

ಸುಗ್ಗಿಯ ಕಾಲದಲ್ಲಿ ರೈತನ ಅಂಗಳದಲ್ಲಿಯೂ ಕಣದಲ್ಲಿಯೂ ಸ್ಥಳದ ಅಭಾವವುಂಟಾಗುವುದು ಸಹಜ. ಬಣವೆ ಹಾಕುವುದಕ್ಕೆ ಜಾಗ ಬೇಕು, ಒಕ್ಕಣೆಗೆ ಜಾಗ ಬೇಕು, ಮೂಟೆಗಳನ್ನು ಒಟ್ಟುವುದಕ್ಕೆ ಜಾಗ ಬೇಕು. ಇವೆಲ್ಲಕ್ಕೂ ಅಡ್ಡವಾಗಿ ನಿಂತಿರುವುದು ಜನರು ಟ್ರಾಲಿಯೆಂದೂ ಕರೆಯುವ ದೊಡ್ಡ ಟ್ರ್ಯಾಕ್ಟರಿನ ಟ್ರೈಲರು. ಟ್ರ್ಯಾಕ್ಟರು ಹೊಲದಲ್ಲಿರುವುದು, ಇಲ್ಲವೇ ಬಾಡಿಗೆಗೆ ಹೋಗಿರುವುದು. ಆಗ ಕೈಗೆ ಸಿಕ್ಕಿದ ಸಣ್ಣ ಟ್ರ್ಯಾಕ್ಟರನ್ನೋ ಪವರ್ ಟಿಲ್ಲರನ್ನೋ ಮೂಕಿಗೆ ಹೂಡಿ ಟ್ರೈಲರನ್ನು ಹತ್ತು ಮಾರು ಆಚೆಗೆ ಜರುಗಿಸುವುದು ಅನೇಕ ಗ್ರಾಮಗಳಲ್ಲಿ ಕಾಣಬರುವ ರೂಢಿಯಾಗಿದೆ.

ಹತ್ತು ಮಾರಿನ ಈ ಚಾಕರಿಯನ್ನು ಯಾರೂ ಕೆಲಸವೆಂದೇ ಎಣಿಸುವುದಿಲ್ಲ. ರಸ್ತೆಯ ಮೇಲೆ ವಹಿಸುವ ಎಚ್ಚರವನ್ನು ಅಂಗಳದಲ್ಲಿ ವಹಿಸುವವರು ವಿರಳ. ಆದರೆ ಮಕ್ಕಳು ಆಡುವುದು ಅಂಗಳದಲ್ಲಿ. ವೃದ್ಧರು ಬಿಸಿಲು ಕಾಯುವುದು ಅಂಗಳದ ಜಗಲಿಯಲ್ಲಿ. ದನಕರುಗಳನ್ನು ಕಟ್ಟುವುದೂ ಅಲ್ಲಿಯೇ. ಬಾವಿಯೂ ತಿಪ್ಪೆಗುಂಡಿಯೂ ಇರುವುದು ಅದರ ಮಗ್ಗುಲಲ್ಲಿ. ಆದಕಾರಣ ಇಲ್ಲಿ ಟ್ರೈಲರು ಕೈಮೀರಿ ಉರುಳಿದರೆ ಅದರ ಕೆಳಗೆ ಸಿಕ್ಕತಕ್ಕವರು ಪರರಲ್ಲ, ಮನೆಯವರೇ.

ಈ ಪಾಠದ ಸಾರವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಸಣ್ಣ ಯಂತ್ರವು ಎಳೆಯಬಲ್ಲ ಭಾರವನ್ನೆಲ್ಲ ಅದು ತಡೆಯಬಲ್ಲದೆಂದು ಭಾವಿಸಕೂಡದು. “ನಮ್ಮ ಯಂತ್ರವು ಇದನ್ನು ಎಳೆಯುತ್ತದೆಯೇ?” ಎಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯಾದರೋ “ಇದನ್ನು ಹಿಡಿದು ನಿಲ್ಲಿಸುತ್ತದೆಯೇ?” ಎಂಬುದು. ಇದರ ಕಾರಣವನ್ನೂ, ಅದಕ್ಕೆ ತಕ್ಕಂತೆ ಕೆಲಸವನ್ನು ನಡೆಸತಕ್ಕ ಕ್ರಮವನ್ನೂ ಮುಂದೆ ವಿವರಿಸಿದೆ.

1. ತೂಕವನ್ನು ತಿಳಿಯುವುದು

ಟ್ರೈಲರಿನ ನೋಂದಣಿ ಪತ್ರದಲ್ಲಿ ಅದರ ಖಾಲಿ ತೂಕವು ನಮೂದಾಗಿರುತ್ತದೆ. ಮೊದಲು ಅದನ್ನು ನೋಡಿಕೊಳ್ಳಬೇಕು. ಬಳಿಕ ಅದರಲ್ಲಿರುವ ಸರಕಿನ ತೂಕವನ್ನು ಕೂಡಿಸಬೇಕು. ಯೂರಿಯಾ ಚೀಲವು 45 ಕಿಲೋಗ್ರಾಂ ಇರುವುದು. 50 ಕಿಲೋಗ್ರಾಂ ತೂಗುವ ಇತರ ಗೊಬ್ಬರದ ಚೀಲಗಳು 20 ಆದರೆ 1000 ಕಿಲೋಗ್ರಾಂ ಆಯಿತು. ಮಳೆಯಲ್ಲಿ ನೆನೆದ ಕೊಟ್ಟಿಗೆ ಗೊಬ್ಬರವಾಗಲಿ ಮರಳಾಗಲಿ ಕಣ್ಣಿಗೆ ಕಾಣುವುದಕ್ಕಿಂತ ಬಹಳ ಹೆಚ್ಚು ತೂಗುವುದೆಂಬುದನ್ನು ಮರೆಯಕೂಡದು.

ಎಳೆಯುವ ಯಂತ್ರದ ತೂಕವು ಅದರ ಕೈಪಿಡಿಯಲ್ಲಿ ಸಿಕ್ಕುತ್ತದೆ. ಎಷ್ಟು ಭಾರದ ಟ್ರೈಲರನ್ನು ಹೂಡಬಹುದೆಂಬ ಮಿತಿಯನ್ನೂ ತಯಾರಕರು ಅದರಲ್ಲಿ ಕೊಟ್ಟಿದ್ದರೆ ಆ ಮಿತಿಯೇ ಪ್ರಮಾಣ. ಕೊಡದಿದ್ದ ಪಕ್ಷದಲ್ಲಿ, ಸ್ವಂತ ಬ್ರೇಕಿಲ್ಲದ ಟ್ರೈಲರಿನ ಒಟ್ಟು ತೂಕವು ಎಳೆಯುವ ಟ್ರ್ಯಾಕ್ಟರಿನ ತೂಕದ ಒಂದೂವರೆ ಪಟ್ಟನ್ನು ಮೀರಬಾರದೆಂಬ ನಿಯಮವನ್ನಿಟ್ಟುಕೊಳ್ಳುವುದು ಒಳ್ಳೆಯದು. ಈ ನಿಯಮವೂ ಸಮನಾದ ನೆಲಕ್ಕೇ ಹೊರತು ಇಳಿಜಾರಿಗಲ್ಲ.

2. ಇಳಿಜಾರನ್ನು ಅಳೆಯುವುದು

ಅಂಗಳದ ನೀರು ಹರಿದು ಹೋಗಲೆಂದು ನಾವೇ ನೆಲಕ್ಕೆ ವಾಟ ಕೊಟ್ಟಿರುತ್ತೇವೆ. ದಿನವೂ ನೋಡುವ ಕಣ್ಣಿಗೆ ಅದು ಕಾಣದು. ಅಳೆಯುವುದು ಸುಲಭ. 3 ಮೀಟರ್ ಉದ್ದದ ನೇರವಾದ ಗಳುವನ್ನು ಇಳಿಜಾರಿನ ದಿಕ್ಕಿಗೆ ನೆಲದ ಮೇಲಿಡಬೇಕು. ಅದರ ಮೇಲೆ ಗಾರೆಯವರ ರಸಮಟ್ಟವನ್ನಿರಿಸಿ, ಗಳುವು ಮಟ್ಟಸವಾಗುವವರೆಗೆ ತಗ್ಗಿನ ಕಡೆಯ ತುದಿಯನ್ನು ಎತ್ತಬೇಕು. ಆ ತುದಿಗೂ ನೆಲಕ್ಕೂ ನಡುವೆ 15 ಸೆಂಟಿಮೀಟರ್ ಅಂತರವಿದ್ದರೆ ಇಳಿಜಾರು ಇಪ್ಪತ್ತಕ್ಕೆ ಒಂದು. 30 ಸೆಂಟಿಮೀಟರ್ ಇದ್ದರೆ ಹತ್ತಕ್ಕೆ ಒಂದು.

ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ನಿಂತ ಬಂಡಿಯು ತನ್ನ ತೂಕದ ಹತ್ತನೆಯ ಒಂದು ಪಾಲಿನಷ್ಟು ಬಲದಿಂದ ಸದಾ ಕೆಳಕ್ಕೆ ನೂಕುತ್ತಿರುತ್ತದೆ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕವು ಸುಲಭವಾಗಿ ತಿಳಿಯುವುದು.

3. ಎಳೆತ ಮತ್ತು ಹಿಡಿತಗಳ ಲೆಕ್ಕ

800 ಕಿಲೋಗ್ರಾಂ ತೂಗುವ ಒಂದು ಸಣ್ಣ ಟ್ರ್ಯಾಕ್ಟರನ್ನೂ, 1200 ಕಿಲೋಗ್ರಾಂ ತೂಗುವ ಖಾಲಿ ಟ್ರೈಲರನ್ನೂ ಉದಾಹರಣೆಗಾಗಿ ತೆಗೆದುಕೊಳ್ಳೋಣ. ಒಟ್ಟು 2000 ಕಿಲೋಗ್ರಾಂ. ಟ್ರ್ಯಾಕ್ಟರಿನ ತೂಕದಲ್ಲಿ 500 ಕಿಲೋಗ್ರಾಂ ಹಿಂದಿನ ಗಾಲಿಗಳ ಮೇಲಿದೆಯೆಂದೂ, ಎಳೆಯುವುದೂ ಬ್ರೇಕು ಹಿಡಿಯುವುದೂ ಆ ಎರಡು ಗಾಲಿಗಳಿಂದಲೇ ಎಂದೂ ಭಾವಿಸೋಣ. ಇಳಿಜಾರು ಹತ್ತಕ್ಕೆ ಒಂದು.

ಗಟ್ಟಿ ನೆಲದ ಮೇಲೆ ಗಾಲಿಯು ಉರುಳುವುದಕ್ಕೆ ಉಂಟಾಗುವ ತಡೆಯು ತೂಕದ ಸುಮಾರು ಇಪ್ಪತ್ತೈದನೆಯ ಒಂದು ಪಾಲು. 2000 ಕಿಲೋಗ್ರಾಂಗೆ ಇದು 80 ಕಿಲೋಗ್ರಾಂ ಆಗುವುದು. ಇಳಿಜಾರಿನ ನೂಕು 200 ಕಿಲೋಗ್ರಾಂ. ಏರುವಾಗ ಈ ಎರಡನ್ನೂ ಗೆಲ್ಲಬೇಕಾದುದರಿಂದ 280 ಕಿಲೋಗ್ರಾಂ ಬಲವು ಬೇಕಾಗುತ್ತದೆ. ಒಣಗಿದ ಗಟ್ಟಿ ನೆಲದಲ್ಲಿ ಟೈರಿನ ಹಿಡಿತವು ಅದರ ಮೇಲಿನ ಭಾರದ ಹತ್ತರಲ್ಲಿ ಆರು ಪಾಲೆಂದು ಹಿಡಿದರೆ 300 ಕಿಲೋಗ್ರಾಂ ಸಿಕ್ಕಿತು. ಆದ್ದರಿಂದ ಟ್ರ್ಯಾಕ್ಟರು ಟ್ರೈಲರನ್ನು ಏರಿಸಿಬಿಡುತ್ತದೆ. ನೋಡಿದವರು “ಯಂತ್ರ ಸಣ್ಣದಾದರೂ ಗಟ್ಟಿ” ಎಂದು ಮೆಚ್ಚುತ್ತಾರೆ.

ಅದೇ ರಾತ್ರಿ ಒಂದು ಹದ ಮಳೆ ಬಿದ್ದಿತೆನ್ನೋಣ. ಇಲ್ಲವೇ ಅಂಗಳಕ್ಕೆ ಸೆಗಣಿ ಸಾರಿಸಿದ್ದಾರೆನ್ನೋಣ. ಬೆಳಗಾಗುತ್ತಲೂ ಅದೇ ಟ್ರೈಲರನ್ನು ಅದೇ ಟ್ರ್ಯಾಕ್ಟರು ಇಳಿಸಬೇಕು. ಈಗ ಇಳಿಜಾರಿನ ನೂಕು 200 ಕಿಲೋಗ್ರಾಂ. ಉರುಳುವಿಕೆಯ ತಡೆ 80 ಕಿಲೋಗ್ರಾಂ ನಮಗೆ ಸಹಾಯವಾಗಿ ಕಳೆದುಹೋಗುತ್ತದೆ. ಉಳಿದ 120 ಕಿಲೋಗ್ರಾಂ ನೂಕನ್ನು ಬ್ರೇಕು ತಡೆಯಬೇಕು. ಆದರೆ ಜಾರುವ ನೆಲದಲ್ಲಿ ಟೈರಿನ ಹಿಡಿತವು ಹತ್ತರಲ್ಲಿ ಎರಡು ಪಾಲಿಗೆ ಇಳಿಯಬಹುದು. ಆಗ ಸಿಕ್ಕುವುದು 100 ಕಿಲೋಗ್ರಾಂ ಮಾತ್ರ. ಬ್ರೇಕನ್ನು ಎಷ್ಟು ಬಲವಾಗಿ ತುಳಿದರೂ ಗಾಲಿಗಳು ನಿಂತಲ್ಲೇ ನಿಂತು, ಟ್ರ್ಯಾಕ್ಟರೂ ಟ್ರೈಲರೂ ಒಟ್ಟಾಗಿ ಜಾರುತ್ತವೆ. ಇಲ್ಲಿ ಬ್ರೇಕಿನ ದೋಷವೂ ಇಲ್ಲ, ಚಾಲಕನ ದೋಷವೂ ಇಲ್ಲ. ನೆಲವು ಗಾಲಿಯನ್ನು ಹಿಡಿಯಲಿಲ್ಲ, ಅಷ್ಟೆ.

ಇಷ್ಟೇ ಅಲ್ಲ. ಏರುವಾಗ ಟ್ರ್ಯಾಕ್ಟರಿನ ಭಾರವು ಹಿಂದಕ್ಕೆ ವಾಲಿ ಹಿಂದಿನ ಗಾಲಿಗಳ ಹಿಡಿತವನ್ನು ಹೆಚ್ಚಿಸುತ್ತದೆ. ಇಳಿಯುವಾಗ ಭಾರವು ಮುಂದಕ್ಕೆ ವಾಲಿ, ಬ್ರೇಕಿರುವ ಹಿಂದಿನ ಗಾಲಿಗಳೇ ಹಗುರವಾಗುತ್ತವೆ. ಆದ್ದರಿಂದ ನಿಜವಾದ ಸ್ಥಿತಿಯು ಮೇಲಿನ ಲೆಕ್ಕಕ್ಕಿಂತಲೂ ಕೆಟ್ಟದ್ದು. ಟ್ರೈಲರಿಗೆ 1000 ಕಿಲೋಗ್ರಾಂ ಸರಕನ್ನು ಹೇರಿದರೆ ತಡೆಯಬೇಕಾದ ನೂಕು ಮತ್ತೂ 60 ಕಿಲೋಗ್ರಾಂ ಹೆಚ್ಚಿ 180 ಆಗುವುದು. ಆ ಸರಕಿನಿಂದ ಟ್ರ್ಯಾಕ್ಟರಿನ ಹಿಡಿತವಾದರೋ ಅದಕ್ಕೆ ತಕ್ಕಷ್ಟು ಹೆಚ್ಚುವುದಿಲ್ಲ.

ಇದರಿಂದ ಮೂರು ನಿಯಮಗಳು ಏರ್ಪಡುತ್ತವೆ. ಇಪ್ಪತ್ತಕ್ಕೆ ಒಂದರ ಒಳಗಿನ ಇಳಿಜಾರಿನಲ್ಲಿ ತೂಕದ ಮಿತಿಯನ್ನು ಮೀರದ ಖಾಲಿ ಟ್ರೈಲರನ್ನು ಜರುಗಿಸಬಹುದು. ಇಪ್ಪತ್ತಕ್ಕೆ ಒಂದರಿಂದ ಹತ್ತಕ್ಕೆ ಒಂದರವರೆಗೆ, ಖಾಲಿಯಾಗಿದ್ದು ನೆಲವು ಚೆನ್ನಾಗಿ ಒಣಗಿದ್ದರೆ ಮಾತ್ರ ಕೈಹಾಕಬಹುದು. ಅದಕ್ಕಿಂತ ಕಡಿದಾದ ಕಡೆ ಬ್ರೇಕುಳ್ಳ ದೊಡ್ಡ ಟ್ರ್ಯಾಕ್ಟರು ಬರುವವರೆಗೆ ಕಾಯತಕ್ಕದ್ದು.

4. ಪವರ್ ಟಿಲ್ಲರಿನ ವಿಷಯ

ಎರಡು ಗಾಲಿಯ ಪವರ್ ಟಿಲ್ಲರು ಜಪಾನ್ ದೇಶದ ಚಿಕ್ಕ ಚಿಕ್ಕ ಭತ್ತದ ಗದ್ದೆಗಳಿಗೆ ಹೊಂದುವಂತೆ ಬೆಳೆದುಬಂದ ಯಂತ್ರ. 1960ರ ದಶಕದಲ್ಲಿ ಅದು ಭಾರತಕ್ಕೆ ಬಂದಿತು. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿ ಸಂಸ್ಥೆಯ ಸಹಯೋಗದಿಂದ ಅದನ್ನು ನಮ್ಮ ನಾಡಿನಲ್ಲಿಯೇ ತಯಾರಿಸುವಂತಾಯಿತು. ಕೆಸರುಗದ್ದೆಯನ್ನು ಹದಮಾಡುವುದೇ ಅದರ ಮುಖ್ಯ ಕೆಲಸ, ಭಾರವೆಳೆಯುವುದು ಆಮೇಲಿನದು.

ಟಿಲ್ಲರಿಗೆಂದೇ ಮಾಡಿದ ಚಿಕ್ಕ ಟ್ರೈಲರಿನಲ್ಲಿ ಚಾಲಕನು ಕುಳಿತುಕೊಳ್ಳಲು ಆಸನವೂ ಕಾಲಿನಿಂದ ತುಳಿಯುವ ಬ್ರೇಕೂ ಇರುತ್ತವೆ. ದೊಡ್ಡ ಟ್ರೈಲರಿನಲ್ಲಿ ಇವೆರಡೂ ಇಲ್ಲ. ಅದಕ್ಕೆ ಟಿಲ್ಲರನ್ನು ಹೂಡಿದರೆ ಚಾಲಕನು ಟಿಲ್ಲರಿನ ಹಿಡಿಗಳಿಗೂ ಟ್ರೈಲರಿನ ಮುಂಭಾಗಕ್ಕೂ ನಡುವೆ ನಡೆಯಬೇಕಾಗುತ್ತದೆ. ಟ್ರೈಲರು ಒಂದು ಗೇಣು ಮುಂದಕ್ಕೆ ನೂಕಿದರೂ ತಪ್ಪಿಸಿಕೊಳ್ಳುವುದಕ್ಕೆ ಅಲ್ಲಿ ದಾರಿಯಿಲ್ಲ. ಆದ್ದರಿಂದ ದೊಡ್ಡ ಟ್ರೈಲರಿಗೆ ಪವರ್ ಟಿಲ್ಲರನ್ನು ಖಾಲಿಯಾಗಿದ್ದಾಗಲೂ ಹೂಡಲೇಕೂಡದು.

ಟಿಲ್ಲರಿನ ಸ್ವಂತ ಟ್ರೈಲರನ್ನು ನಡೆಸುವವರು ತಿಳಿದಿರಬೇಕಾದ ಇನ್ನೊಂದು ಮುಖ್ಯ ವಿಷಯವಿದೆ. ಟಿಲ್ಲರಿನ ಎಡಹಿಡಿಯಲ್ಲಿಯೂ ಬಲಹಿಡಿಯಲ್ಲಿಯೂ ತಿರುಗಿಸುವುದಕ್ಕಾಗಿ ಒಂದೊಂದು ಕ್ಲಚ್ಚಿನ ಸನ್ನೆಯಿದೆ. ಸಮನೆಲದಲ್ಲಿ ಎಡಸನ್ನೆಯನ್ನು ಒತ್ತಿದರೆ ಎಡಗಾಲಿಗೆ ಶಕ್ತಿ ತಪ್ಪಿ, ಬಲಗಾಲಿಯು ಮುಂದುವರಿದು, ಟಿಲ್ಲರು ಎಡಕ್ಕೆ ತಿರುಗುವುದು. ಇಳಿಜಾರಿನಲ್ಲಿ ಇಳಿಯುವಾಗ ಇದು ತಲೆಕೆಳಗಾಗುವುದು. ಆಗ ಎಂಜಿನ್ನು ಗಾಲಿಗಳನ್ನು ಎಳೆಯುತ್ತಿರುವುದಿಲ್ಲ, ತಡೆಯುತ್ತಿರುತ್ತದೆ. ಎಡಸನ್ನೆಯನ್ನು ಒತ್ತಿದ ಕೂಡಲೇ ಎಡಗಾಲಿಯು ತಡೆ ತಪ್ಪಿ ವೇಗವಾಗಿ ಉರುಳುವುದು, ಬಲಗಾಲಿಯು ಹಿಂದುಳಿಯುವುದು, ಟಿಲ್ಲರು ಬಲಕ್ಕೆ ತಿರುಗುವುದು. ಎಡಗಡೆಯ ಬಾವಿಕಟ್ಟೆಯನ್ನು ತಪ್ಪಿಸಬೇಕೆಂದು ಚಾಲಕನು ರೂಢಿಯಂತೆ ಬಲಸನ್ನೆಯನ್ನು ಒತ್ತಿದರೆ ಯಂತ್ರವು ನೇರವಾಗಿ ಬಾವಿಕಟ್ಟೆಗೇ ಹೋಗುವುದು. ಆದ್ದರಿಂದ ಇಳಿಯುವಾಗ ಈ ಸನ್ನೆಗಳನ್ನು ಮುಟ್ಟದೆ, ಅತ್ಯಂತ ನಿಧಾನವಾದ ಗೇರಿನಲ್ಲಿ, ಹಿಡಿಗಳನ್ನೇ ಬಲವಾಗಿ ಹೊರಳಿಸಿ ದಿಕ್ಕನ್ನು ಸರಿಪಡಿಸಿಕೊಳ್ಳಬೇಕು. ಹೊಸ ಚಾಲಕನಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿ ಬಿಡದೆ, ಟ್ರೈಲರಿಲ್ಲದ ಟಿಲ್ಲರಿನಿಂದ ಬಯಲಿನ ಸಣ್ಣ ಇಳಿಜಾರಿನಲ್ಲಿ ಒಮ್ಮೆ ಮಾಡಿ ತೋರಿಸುವುದು ಉತ್ತಮ.

5. ಹೂಡುವ ಕ್ರಮ

ಟ್ರೈಲರನ್ನು ಟ್ರ್ಯಾಕ್ಟರಿನ ಎಳೆಪಟ್ಟಿಗೇ, ಅಂದರೆ ಅದಕ್ಕೆಂದು ಕೊಟ್ಟಿರುವ ತಗ್ಗಿನ ಕೊಂಡಿಗೇ, ಹೂಡತಕ್ಕದ್ದು. ಆಸನದ ಚೌಕಟ್ಟಿಗಾಗಲಿ, ಹಿಂದಿನ ಅಚ್ಚಿಗಾಗಲಿ, ಮೇಲುಕೊಂಡಿಗಾಗಲಿ ಸರಪಣಿ ಕಟ್ಟಿ ಎಳೆಯಕೂಡದು. ಎಳೆತವು ಅಚ್ಚಿನ ಮಟ್ಟಕ್ಕೋ ಅದಕ್ಕಿಂತ ಮೇಲಕ್ಕೋ ಬಂದಿತೆಂದರೆ ಮುಂದಿನ ಗಾಲಿಗಳು ನೆಲಬಿಟ್ಟು ಟ್ರ್ಯಾಕ್ಟರು ಚಾಲಕನ ಮೇಲೆಯೇ ಹಿಂದಕ್ಕೆ ಮಗುಚಬಹುದು. ಕ್ಲಚ್ಚನ್ನು ತುಳಿಯುವಷ್ಟು ವ್ಯವಧಾನವೂ ಅವನಿಗೆ ದೊರೆಯದು. ಹಗ್ಗ ಸರಪಣಿಗಳಿಗೆ ಮತ್ತೊಂದು ದೋಷವೂ ಇದೆ. ಅವು ಎಳೆಯುತ್ತವೆಯೇ ಹೊರತು ತಡೆಯುವುದಿಲ್ಲ. ಇಳಿಯುವಾಗ ಟ್ರೈಲರು ಬಂದು ಟ್ರ್ಯಾಕ್ಟರಿಗೆ ಬಡಿಯುವುದನ್ನು ಯಾವ ಹಗ್ಗವೂ ನಿಲ್ಲಿಸಲಾರದು.

ಕೊಂಡಿಯ ರಂಧ್ರಕ್ಕೆ ಸರಿಯಾಗಿ ಕೂರುವ ಉಕ್ಕಿನ ಪಿನ್ನನ್ನೇ ಹಾಕಿ, ಅದು ಮೇಲಕ್ಕೆ ಹಾರದಂತೆ ಕೆಳಗೆ ಚಿಲಕವನ್ನು ಸಿಕ್ಕಿಸಬೇಕು. ಕಟ್ಟಡದ ಕಂಬಿಯ ತುಂಡನ್ನೋ ಹಳೆಯ ಬೋಲ್ಟನ್ನೋ ಪಿನ್ನಿನ ಬದಲು ಹಾಕುವ ಪದ್ಧತಿಯನ್ನು ಕೈಬಿಡಬೇಕು. ಮೂಕಿಯನ್ನು ಕೊಂಡಿಗೆ ತರುವಾಗ ಟ್ರ್ಯಾಕ್ಟರು ಹಿಂದಕ್ಕೆ ಬರುತ್ತಿದ್ದರೆ ನಡುವೆ ಯಾರೂ ನಿಲ್ಲಕೂಡದು. ಟ್ರ್ಯಾಕ್ಟರು ಪೂರ್ತಿಯಾಗಿ ನಿಂತು ಬ್ರೇಕು ಬಿಗಿದ ಮೇಲೆಯೇ ಆಳು ಒಳಕ್ಕೆ ಹೋಗಿ ಪಿನ್ನು ಹಾಕಬೇಕು. ಮೂಕಿಯನ್ನು ಎತ್ತುವುದಕ್ಕೆ ಜಾಕನ್ನು ಉಪಯೋಗಿಸುವುದು ಮೇಲು.

ಸಣ್ಣ ಟ್ರ್ಯಾಕ್ಟರಿಗೆ ಎಡಬಲಗಳಿಗೆ ಬೇರೆಬೇರೆ ಬ್ರೇಕಿನ ಮೆಟ್ಟುಗಳಿದ್ದರೆ ಹೊರಡುವ ಮೊದಲು ಅವೆರಡನ್ನೂ ಕೂಡಿಸುವ ಅಗುಳಿಯನ್ನು ಹಾಕಬೇಕು. ಒಂದೇ ಗಾಲಿಗೆ ಬ್ರೇಕು ಬಿದ್ದರೆ ಟ್ರ್ಯಾಕ್ಟರು ತಟ್ಟನೆ ಹೊರಳುವುದು. ಹಿಂದಿನ ಭಾರವು ಅದನ್ನು ಮಗ್ಗುಲಿಗೆ ಕೆಡವುವುದು.

6. ಭಾರವನ್ನು ಹಂಚುವುದು

ಎತ್ತಿನ ಗಾಡಿಯನ್ನು ಹೊಡೆದವರಿಗೆ ಈ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮುಂಭಾರವಾದರೆ ನೊಗವು ಎತ್ತಿನ ಹೆಗಲನ್ನು ಅದುಮುವುದು; ಹಿಂಭಾರವಾದರೆ ಜತ್ತಿಗೆಯು ಅದರ ಕೊರಳನ್ನು ಬಿಗಿಯುವುದು. ಎರಡು ಗಾಲಿಯ ಟ್ರೈಲರೂ ಹಾಗೆಯೇ. ಹಿಂಭಾರವಾದ ಟ್ರೈಲರು ಮೂಕಿಯನ್ನು ಮೇಲಕ್ಕೆತ್ತಿ, ಅದರೊಡನೆ ಟ್ರ್ಯಾಕ್ಟರಿನ ಹಿಂಭಾಗವನ್ನೂ ಎತ್ತುತ್ತದೆ. ಬ್ರೇಕಿನ ಗಾಲಿಗಳ ಹಿಡಿತವು ಆಗಲೇ ಹೋಯಿತು. ಸರಕನ್ನು ಹಾಗೆಯೇ ಇಟ್ಟುಕೊಂಡು ಜರುಗಿಸುವುದು ಅನಿವಾರ್ಯವಾದರೆ ಅದನ್ನು ಅಚ್ಚಿಗಿಂತ ತುಸು ಮುಂದಕ್ಕೆ ಸರಿಸಿ, ಒಟ್ಟು ಭಾರದ ಸುಮಾರು ಹತ್ತನೆಯ ಒಂದು ಪಾಲು ಮೂಕಿಯ ಮೇಲೆ ಬೀಳುವಂತೆ ಹಂಚಬೇಕು. ಇಳಿಸಿ ಜರುಗಿಸುವುದಾದರೂ ಕ್ರಮವಿದೆ. ಮುಂದಿನ ಮೂಟೆಗಳನ್ನು ಮೊದಲು ತೆಗೆದರೆ ಹಿಂಭಾರವಾಗಿ ಮೂಕಿಯು ಹಾರುವುದು. ಆದ್ದರಿಂದ ಹಿಂದಿನವುಗಳನ್ನೇ ಮೊದಲು ಇಳಿಸಬೇಕು.

7. ನಡೆಸುವುದು, ಹಿಂದಕ್ಕೆ ನೂಕುವುದು

ಹೊರಡುವ ಮೊದಲು ದಾರಿಯನ್ನು ಒಮ್ಮೆ ನಡೆದು ನೋಡಬೇಕು. ಮಕ್ಕಳನ್ನು ಮನೆಯ ಒಳಗೆ ಕರೆದು ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಬೇಕು. ಮೂಕಿಯ ಮೇಲಾಗಲಿ ಮಡ್‌ಗಾರ್ಡಿನ ಮೇಲಾಗಲಿ ಯಾರೂ ಕುಳಿತುಕೊಳ್ಳಕೂಡದು. ಟೈರುಗಳಲ್ಲಿ ಗಾಳಿ ಸಾಕಷ್ಟಿರಬೇಕು. ಕಟ್ಟಡವಿಲ್ಲದ ಗುಂಡಿ, ಕೃಷಿಹೊಂಡ ಮೊದಲಾದವುಗಳ ಅಂಚಿನಿಂದ ಅವುಗಳ ಆಳದಷ್ಟಾದರೂ ದೂರದಲ್ಲಿ ಗಾಲಿಗಳು ಹಾಯಬೇಕು; ಹತ್ತಿರ ಹೋದರೆ ಭಾರಕ್ಕೆ ಅಂಚು ಕುಸಿಯಬಹುದು.

ಇಳಿಜಾರಿನ ತಲೆಯಲ್ಲಿಯೇ ನಿಧಾನದ ಗೇರನ್ನು ಹಾಕಿಕೊಳ್ಳಬೇಕು. ಇಳಿಯುವಾಗ ನಡುವೆ ಗೇರು ಬದಲಾಯಿಸುವುದೂ ಕ್ಲಚ್ಚನ್ನು ತುಳಿಯುವುದೂ ಕೂಡದು. ಕ್ಲಚ್ಚನ್ನು ತುಳಿದೊಡನೆ ಎಂಜಿನ್ನಿನ ತಡೆಯು ತಪ್ಪುತ್ತದೆ.

ಹಿಂದಕ್ಕೆ ನೂಕುವಾಗ ಟ್ರೈಲರಿನ ಹಿಂಭಾಗವು ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಮೊದಲು ಬಲಕ್ಕೆ ತಿರುಗಿಸಬೇಕು. ಟ್ರೈಲರು ತಿರುಗತೊಡಗಿದ ಮೇಲೆ ಎಡಕ್ಕೆ ತಂದು ಅದನ್ನು ಹಿಂಬಾಲಿಸಬೇಕು. ಮೂಕಿಯು ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಸಮೀಪಿಸುವಂತೆ ಕಂಡರೆ ನಿಲ್ಲಿಸಿ, ಮುಂದಕ್ಕೆ ಹೋಗಿ ನೇರವಾಗಿ, ಮತ್ತೆ ಮೊದಲಿನಿಂದ ಪ್ರಾರಂಭಿಸತಕ್ಕದ್ದು. ಸಂಜ್ಞೆ ತೋರುವವನು ಟ್ರೈಲರಿನ ಹಿಂದೆ ನಿಲ್ಲದೆ, ಚಾಲಕನ ಕಣ್ಣಿಗೆ ಬೀಳುವಂತೆ ಮಗ್ಗುಲಲ್ಲಿ ದೂರವಾಗಿ ನಿಲ್ಲಬೇಕು. ಅವನು ಕಣ್ಣಿಗೆ ಮರೆಯಾದರೆ ಯಂತ್ರವನ್ನು ಕೂಡಲೇ ನಿಲ್ಲಿಸಬೇಕು.

8. ಬಿಚ್ಚುವುದು

ಅಪಘಾತಕ್ಕೆ ಎಡೆಯಾಗುವ ಕಡೆಯ ಗಳಿಗೆ ಇದು. ಪಿನ್ನನ್ನು ತೆಗೆಯುವ ಮೊದಲೇ ಟ್ರೈಲರಿನ ಎರಡು ಗಾಲಿಗಳಿಗೂ ಹಿಂದೆ ಮುಂದೆ ಬೆಣೆಗಳನ್ನು ಕೊಡತಕ್ಕದ್ದು. ದುಂಡುಕಲ್ಲು ಬೆಣೆಯಲ್ಲ; ಅದು ಗಾಲಿಯೊಡನೆ ತಾನೂ ಉರುಳುವುದು. ಗಟ್ಟಿಯಾದ ಮರವನ್ನು ಇಳಿಜಾರಾಗಿ ಕೆತ್ತಿ, ನೆಲಕ್ಕೆ ತಗಲುವ ಮೈಯನ್ನು ಒರಟಾಗಿ ಬಿಟ್ಟು, ಒಂದು ಉದ್ದನೆಯ ಹಿಡಿಯನ್ನು ಹಾಕಿಸಿದರೆ ಕೈಯನ್ನು ಗಾಲಿಯ ಬಳಿಗೆ ಒಯ್ಯದೆ ಬೆಣೆ ಕೊಡಬಹುದು. ಊರಿನ ಬಡಗಿಯು ಇಂಥ ನಾಲ್ಕನ್ನು ಒಂದು ದಿನದಲ್ಲಿ ಮಾಡಿಕೊಡಬಲ್ಲನು. ಬೆಣೆ ಕೊಟ್ಟು, ಮೂಕಿಗೆ ಭದ್ರವಾದ ಆಸರೆಯನ್ನಿಟ್ಟು, ಬಳಿಕ ಪಿನ್ನನ್ನು ಎಳೆಯಬೇಕು.

9. ಯಂತ್ರವಿಲ್ಲದೆ ಜರುಗಿಸುವುದು

ಸಮನಾದ ಗಟ್ಟಿ ನೆಲದಲ್ಲಿ 1200 ಕಿಲೋಗ್ರಾಂ ತೂಕದ ಟ್ರೈಲರಿನ ಉರುಳುತಡೆಯು ಮೇಲೆ ಹೇಳಿದ ಲೆಕ್ಕದಂತೆ 48 ಕಿಲೋಗ್ರಾಂ ಮಾತ್ರ. ಮೊದಲ ಕದಲಿಕೆಗೆ ಇನ್ನಷ್ಟು ಬೇಕಾದರೂ ಐದಾರು ಮಂದಿ ಆಳುಗಳು ಕೂಡಿ ನೂಕಿದರೆ ಅದು ಸರಿಯುವುದು. ಇಂಥ ಕಡೆ ಯಂತ್ರವನ್ನು ಹೂಡುವ ಆವಶ್ಯಕತೆಯೇ ಇಲ್ಲ. ಆದರೆ ಇಳಿಜಾರಿನಲ್ಲಿ ಮನುಷ್ಯರ ಕೈಯಿಂದ ಟ್ರೈಲರನ್ನು ಹಿಡಿದು ನಿಲ್ಲಿಸುವ ಯತ್ನವನ್ನು ಎಂದಿಗೂ ಮಾಡಕೂಡದು. ಉರುಳತೊಡಗಿದ ಟ್ರೈಲರಿಗೆ ಅಡ್ಡ ನಿಲ್ಲುವುದು ಶೌರ್ಯವಲ್ಲ. ಕೂಗಿ ಎಲ್ಲರನ್ನೂ ದೂರ ಸರಿಸುವುದೇ ಆಗ ಮಾಡತಕ್ಕ ಕೆಲಸ.

ಗ್ರಾಮದ ಮುಖಂಡರಿಗೆ ಸೂಚನೆ

ಗ್ರಾಮದ ಮುಖಂಡರೂ ಭೂಮಾಲೀಕರೂ ಮನಸ್ಸು ಮಾಡಿದರೆ ಈ ವಿಷಯದಲ್ಲಿ ಬಹಳ ಉಪಕಾರ ಮಾಡಬಹುದು. ಯಂತ್ರವನ್ನು ನಡೆಸುವವನು ಅನೇಕ ವೇಳೆ ಕೂಲಿಯ ಆಳು. ಯಜಮಾನನು ಆತುರಪಡಿಸಿದರೆ “ಆಗದು” ಎಂದು ಹೇಳುವ ಧೈರ್ಯ ಅವನಿಗಿರುವುದಿಲ್ಲ. ಆದ್ದರಿಂದ ನೆಲವು ಒದ್ದೆಯಾಗಿದ್ದರೆ ಈ ದಿನ ಬೇಡವೆಂದು ಹೇಳುವ ಹೊಣೆಯು ಯಜಮಾನನದೇ. 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆಯ ಕೇಂದ್ರಗಳಿಂದಾಗಲಿ ನೆರೆಹೊರೆಯವರಿಂದಾಗಲಿ ಯಂತ್ರವನ್ನು ಬಾಡಿಗೆಗೆ ತರುವವರು ಅದರ ತೂಕವನ್ನೂ ಎಳೆಯುವ ಮಿತಿಯನ್ನೂ ಕೇಳಿ ತಿಳಿದುಕೊಂಡು, ಬ್ರೇಕನ್ನು ಅಲ್ಲಿಯೇ ಪರೀಕ್ಷಿಸಿ ತರಬೇಕು. ಸುಗ್ಗಿಗೆ ಮೊದಲು ಊರಿನ ಕಣದ ಇಳಿಜಾರನ್ನು ಅಳೆದು, ಟ್ರೈಲರು ನಿಲ್ಲಿಸತಕ್ಕ ಸಮನಾದ ಸ್ಥಳವನ್ನು ಗೊತ್ತುಮಾಡಿ, ಅಲ್ಲಿ ನಾಲ್ಕು ಮರದ ಬೆಣೆಗಳನ್ನು ಊರೊಟ್ಟಿನ ಸ್ವತ್ತಾಗಿ ಇರಿಸಿದರೆ ವೆಚ್ಚವು ಅತ್ಯಲ್ಪ.

ಸಾರಾಂಶ

(1) ತೂಕವನ್ನೂ ಇಳಿಜಾರನ್ನೂ ಮೊದಲು ತಿಳಿಯಿರಿ. (2) ಸಾಧ್ಯವಾದಾಗಲೆಲ್ಲ ಸರಕನ್ನು ಇಳಿಸಿ ಜರುಗಿಸಿರಿ. (3) ಒದ್ದೆ ನೆಲದಲ್ಲಿ, ಕಡಿದಾದ ಇಳಿಜಾರಿನಲ್ಲಿ ಸಣ್ಣ ಯಂತ್ರವನ್ನು ಹೂಡಬೇಡಿರಿ. (4) ದೊಡ್ಡ ಟ್ರೈಲರಿಗೆ ಪವರ್ ಟಿಲ್ಲರನ್ನು ಕಟ್ಟಬೇಡಿರಿ. (5) ಟಿಲ್ಲರಿನಲ್ಲಿ ಇಳಿಯುವಾಗ ತಿರುಗಿಸುವ ಸನ್ನೆಗಳನ್ನು ಮುಟ್ಟಬೇಡಿರಿ. (6) ತಗ್ಗಿನ ಕೊಂಡಿ, ಸರಿಯಾದ ಪಿನ್ನು, ಕೂಡಿಸಿದ ಬ್ರೇಕು – ಈ ಮೂರನ್ನೂ ನೋಡಿ ಹೊರಡಿರಿ. (7) ಬೆಣೆ ಕೊಡದೆ ಬಿಚ್ಚಬೇಡಿರಿ.

ಟ್ರೈಲರು ಒಂದು ದಿನ ಅಡ್ಡವಾಗಿ ನಿಂತರೆ ಒಕ್ಕಣೆಯು ಒಂದು ದಿನ ತಡವಾಗುವುದು. ಆ ನಷ್ಟವನ್ನು ಮರುದಿನ ತುಂಬಿಕೊಳ್ಳಬಹುದು.